ಸಿಸ್ಟರ್ ಆಗಲು ಹೊರಟ ಅವ್ವನಿಗೆ

ಬೆಟಗೇರಿ
೧೯ ಜೂನ್ ೨೦೨೫, ಗುರುವಾರ

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಹೇಗಿದೆ? ಕಾನ್ವೆಂಟಿನಲ್ಲಿ ದಿನಕ್ಕೆ ಆರು ಸಲ ಮೊಣಕಾಲೂರಬೇಕಂತೆ. ನೋವಾದರೆ ಬಾಯಿಬಿಟ್ಟು ಹೇಳು, ಅಲ್ಲಿ ಮುಖ ನೋಡಿ ತಿಳಿದುಕೊಳ್ಳುವವರಿಲ್ಲ. ಇಲ್ಲಿ ನಾವೆಲ್ಲ ಆರಾಮ, ನನ್ನ ನಿದ್ದೆಯೊಂದನ್ನು ಬಿಟ್ಟು. ಐದು ತಿಂಗಳಾದರೂ ನಿನ್ನ ಮೊಮ್ಮಗಳು ನನ್ನನ್ನು ಒಮ್ಮೆಯೂ ಎರಡು ತಾಸು ಸತತ ಮಲಗಗೊಟ್ಟಿಲ್ಲ. ಅತ್ತರೆ ಯಾಕೆ ಅತ್ತಳೆಂದು ಫೋನಿನಲ್ಲಿ ಹುಡುಕುತ್ತೇನೆ. ಅಳದಿದ್ದರೆ ಯಾಕೆ ಅಳಲಿಲ್ಲವೆಂದು ಹುಡುಕುತ್ತೇನೆ. "ಎಮ್ಮೆಸ್ಸಿ ಮಾಡಿದಾಕಿ, ಕೂಸಿಗೆ ಒಂದ್ ತೇಗು ತರಸಾಕ ಬರೂದಿಲ್ಲಲ್ಲ ನಿನಗ!" ಎಂದು ನೀನು ಬೈದದ್ದು ಈಗ ಹಿತವಾಗಿ ಕೇಳಿಸುತ್ತದೆ.

ಎದುರುಮನೆಯ ಶಂಕ್ರೆವ್ವನಿಗೆ ನೀನು ಮಠ ಸೇರಿದ್ದೀಯ ಎಂದಷ್ಟೇ ಅರ್ಥವಾಗಿದೆ. "ನಿಮ್ಮವ್ವಗ ಪಟ್ಟ ಕಟ್ಟೂದು ಯಾವತ್ತವಾ? ಪಲ್ಲಕ್ಕಿ ಇರತೈತೇನು?" ಎಂದು ಕೇಳಿದಳು. ಇದು ಕ್ಯಾಥೊಲಿಕ್ ಸಿಸ್ಟರುಗಳ ಮಠ, ಪಲ್ಲಕ್ಕಿ ಇಲ್ಲ, ಪಾತ್ರೆ ತಿಕ್ಕುವ ಪಾಳಿ ಇದೆ ಎಂದೆ. "ಹಂಗಾರ ಮನ್ಯಾಗ ಏನ್ ಕಮ್ಮಿ ಇತ್ತು?" ಎಂದುಬಿಟ್ಟಳು. ನಲವತ್ತೊಂಬತ್ತನೇ ವಯಸ್ಸಿಗೆ ನೀನು ಈ ಸುದ್ದಿ ಹೇಳಿದಾಗ ನಾನು ತುಂಬಿದ ಬಸುರಿ. "ದೇವರು ಕರದಾನ. ನಿನ್ನ ಬಾಣಂತನ ಮುಗಿಸಿ ಬರ್ತೀನಿ ಅಂತ ಹೇಳೇನಿ" ಎಂದೆ. ದೇವರನ್ನೂ ಕಾಯಿಸಿದವಳು ನೀನು! ಈಸ್ಟರ್ ಮುಗಿದ ಮರುದಿನವೇ ಬಸ್ಸು ಹತ್ತಿದೆ. ಈಗ ಕಾನ್ವೆಂಟಿನ ಮುಖ್ಯಸ್ಥೆ, ಮೂವತ್ತೊಂದು ವರ್ಷದ ಮದರ್ ಹತ್ತಿರ ಅಪ್ಪಣೆ ಕೇಳಿ ಚಹಾ ಕುಡಿಯುತ್ತೀಯಂತೆ. ನಿನ್ನ ಅಳಿಯ ಇದನ್ನು ನಂಬಲು ತಯಾರಿಲ್ಲ.

ಒಂದು ಮಾತು ಹೇಳಬೇಕು. ಮದರ್ ಕಳಿಸಿದ ಹಾಳೆ ಬಂದು ಮೂರು ವಾರವಾಯಿತು. "ಮನೆಯಲ್ಲಿ ಯಾರಾದರೂ ಇವರನ್ನು ಅವಲಂಬಿಸಿದ್ದಾರೆಯೇ?" ಎಂಬ ಪ್ರಶ್ನೆಗೆ ಮಗಳು ಉತ್ತರ ಬರೆದು ಸಹಿ ಮಾಡಬೇಕು. ತಿಂಗಳೊಳಗೆ ಅದು ಮುಟ್ಟದಿದ್ದರೆ ನಿನ್ನನ್ನು ಮನೆಗೆ ಕಳಿಸುತ್ತಾರೆ. ಬರುವ ತಿಂಗಳು ನಿನಗೆ ಐವತ್ತು, ಆಮೇಲೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಇದೆಲ್ಲ ಗೊತ್ತಿದ್ದೇ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೆ. ಹೋದ ಭಾನುವಾರ ನೀನು ಫೋನಿನಲ್ಲಿ "ಪೋಸ್ಟಿನಾಂವ ಬಂದಿದ್ನೇನು?" ಎಂದಾಗ ಇಲ್ಲ ಎಂದದ್ದು ಸುಳ್ಳು. "ಇರ್ಲಿ ಬಿಡು, ದೇವರ ಚಿತ್ತ" ಎಂದೆ ನೀನು. ಅದು ದೇವರ ಚಿತ್ತವಲ್ಲ ಅವ್ವಾ, ನನ್ನ ತಲೆದಿಂಬು. ನಿನ್ನ ದನಿ ಅಷ್ಟು ಸಣ್ಣದಾದದ್ದನ್ನು ಅಪ್ಪ ಹೋದಾಗಲೂ ನಾನು ಕೇಳಿರಲಿಲ್ಲ.

ಕೂಸು ಎದ್ದಿತು. ಅದಕ್ಕೆ ನಿನ್ನ ಆಶೀರ್ವಾದವಿರಲಿ, ನನಗಾಗಿ ಒಂದಿಷ್ಟು ನಿದ್ದೆ ಬೇಡಿಕೋ.

ನಿನ್ನ
ಸುಶ್ಮಿತಾ

ತಾ.ಕ.: ಈ ಪತ್ರವನ್ನು ಮದರ್‌ಗೆ ತೋರಿಸಬೇಡ. ಆ ಹಾಳೆಯ ಮೇಲೆ "ಯಾರೂ ಇಲ್ಲ" ಎಂದು ಬರೆದು, ಸಹಿ ಮಾಡಿ, ಇವತ್ತೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಇದು ಎರಡನೇ ಸುಳ್ಳು. ಪಾದ್ರಿಗಳ ಹತ್ತಿರ ಪಾಪನಿವೇದನೆಗೆ ಹೋಗಬೇಕು, ಆದರೆ ಅಷ್ಟು ಹೊತ್ತು ಕೂಸನ್ನು ಹಿಡಿಯುವವರು ಯಾರವ್ವಾ?