ಗಟ್ಟಿ ಮೊಸರು

ಮೂಡಲಗಿ
ಗುರುವಾರ, ೧೪ ನವೆಂಬರ್ ೨೦೨೪

ಭಾಗ್ಯಾಳ ಅಪ್ಪನವರಿಗೆ ಶರಣು.

ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದ ಮೇಲೆ ಬಾವು ಇಳಿದಿದೆ ಎಂದು ಭಾಗ್ಯಾ ಹೇಳಿದಳು. ಡಾಕ್ಟರು ಹೇಳಿದ ವ್ಯಾಯಾಮ ಬಿಟ್ಟು ಹುಕ್ಕೇರಿಯ ಮುದುಕರನ್ನೆಲ್ಲ ಮಂಚದ ಸುತ್ತ ಕೂಡಿಸಿಕೊಂಡು ಹರಟೆ ಹೊಡೆಯುತ್ತೀರಂತೆ. ಹೊಡೀರಿ, ಹೊಡೀರಿ. ಗುಳಿಗೆ ಮರೆಯಬೇಡಿ. ಮೊಮ್ಮಗ ರಾಹುಲನ ಪಾಲಿನ ಕರದಂಟಿಗೆ ಕೈ ಹಾಕಬೇಡಿ, ಸಕ್ಕರೆ ಏರುತ್ತದೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ದನಿ ಸ್ವಲ್ಪ ಏರಿದರೆ ಸಾಕು, ‘ಕೇಳಸವಲ್ದು’ ಎಂದು ಫೋನನ್ನು ಮಗಳ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ. ಒಬ್ಬರೇ ಕೂತು ಓದಿ.

ನೀವು ಇಲ್ಲಿಂದ ಹೋಗಿ ಇಂದಿಗೆ ಇಪ್ಪತ್ತೈದು ದಿನ. ಎಮ್ಮೆಗಳು ಚೆನ್ನಾಗಿವೆ. ಗೌರಿಯ ಕರು ಹಗ್ಗ ಹರಿದುಕೊಂಡು ನಂದಾಳ ಅಂಗಳಕ್ಕೆ ನುಗ್ಗಿ ಮೆಂತ್ಯದ ಮಡಿ ತಿಂದು ಬಂದಿದೆ. ಇನ್ನು ಒಂದು ಸಂತೋಷದ ಸುದ್ದಿ. ದೀಪಾವಳಿ ಪಾಡ್ಯದ ದಿನ ಸೆಗಣಿಯ ಹಟ್ಟಿಯವ್ವನನ್ನು ಮಾಡಿ ಕೂಡಿಸಿ, ಎಡೆಗೆಂದು ಗಡಿಗೆ ತೆರೆದರೆ ಮೊಸರು ಗಟ್ಟಿಯಾಗಿತ್ತು! ಗಡಿಗೆ ಓರೆ ಮಾಡಿದರೂ ಹನಿ ನೀರಿಲ್ಲ. ಒಂದೂವರೆ ವರ್ಷದ ಮೇಲೆ ನಮ್ಮ ಮನೆಯಲ್ಲಿ ಚಾಕುವಿನಿಂದ ಕೊಯ್ಯುವಂಥ ಮೊಸರು. ನಾನು ಹುಚ್ಚಿಯಂತೆ ಗಡಿಗೆ ಹೊತ್ತುಕೊಂಡು ಬಾಜೂ ಮನೆಗೆ ಓಡಿ, ‘ನಂದಾ, ನನ್ನ ಕೈಗುಣ ಹೊಳ್ಳಿ ಬಂತವಾ’ ಎಂದು ಅತ್ತುಬಿಟ್ಟೆ. ಅವಳೂ ಅತ್ತಳು.

ನಿಮಗೆ ನೆನಪಿರಬೇಕು. ಮೊಸರು ಲೋಳೆಯಾಗಿ, ನೀರಾಗಿ, ಎರಡು ದಿನವಾದರೂ ಹುಳಿ ಹತ್ತದೆ ನಿಲ್ಲುತ್ತಿತ್ತು. ಗಡಿಗೆ ಬದಲಿಸಿದೆ. ಹಾಲು ಕಾಸುವ ಹದ ಬದಲಿಸಿದೆ. ಐದು ಮನೆಗಳಿಂದ ಹೆಪ್ಪು ಬೇಡಿ ತಂದೆ. ಕೊನೆಗೆ ನಾನು ಈ ಮನೆ ಹೊಕ್ಕ ದಿನ ನಿಮ್ಮ ಅವ್ವ ನನ್ನ ಕೈಗೆ ಕೊಟ್ಟಿದ್ದ ಹೆಪ್ಪು, ನಲವತ್ತೊಂದು ವರ್ಷ ದಿನಾ ಜೋಪಾನ ಮಾಡಿದ ಹೆಪ್ಪು, ಕೆಟ್ಟಿದೆ ಎಂದು ತಿಳಿದು ನುಗ್ಗೆ ಗಿಡದ ಬುಡಕ್ಕೆ ಚೆಲ್ಲಿದೆ. ನೀವು ಬಾಜೂ ನಿಂತಿದ್ದಿರಿ. ‘ವಯಸ್ಸಾತಲ್ಲ, ಕೈಗುಣ ಹೋಗತೈತಿ. ಬಿಡು, ಮಜ್ಜಿಗಿ ಮಾಡು’ ಎಂದಿರಿ. ಆ ಮಾತನ್ನು ನಾನು ನಂಬಿದೆ.

ಪಾಡ್ಯದ ಸಂತೋಷ ಎರಡು ದಿನ ಉಳಿಯಿತು. ಆಮೇಲೆ ತಲೆಯಲ್ಲಿ ಹುಳ ಕೊರೆಯಲು ಶುರುವಾಯಿತು. ಚಳಿ ಬಿದ್ದಿದೆ, ಚಳಿಗೆ ಹೆಪ್ಪು ಹಿಡಿಯುವುದೇ ಕಷ್ಟ, ಬೇಸಿಗೆಯಲ್ಲಿ ಹಿಡಿಯದ್ದು ಈಗ ಹೇಗೆ ಹಿಡಿಯಿತು? ಹೋದ ವರ್ಷದ ಹೈನುಗಾರಿಕೆ ತರಬೇತಿಯಲ್ಲಿ ಪಶುವೈದ್ಯೆ ಹೇಳಿದ್ದ ಮಾತು ಆಗ ನೆನಪಾಯಿತು. ಎಮ್ಮೆಯ ಹೊಟ್ಟೆಗೆ ಆಂಟಿಬಯಾಟಿಕ್ ಹೋದರೆ ಹಾಲಿಗೂ ಇಳಿಯುತ್ತದೆ, ಅಂಥ ಹಾಲಿನಲ್ಲಿ ಹೆಪ್ಪು ಸಾಯುತ್ತದೆ ಎಂದಿದ್ದರು. ಅವತ್ತು ನಾನು ನಕ್ಕಿದ್ದೆ. ಬೇನೆ ಬಂದಾಗ ಒಮ್ಮೊಮ್ಮೆ ಹಾಕುತ್ತಿದ್ದ ಆ ಔಷಧಿಯ ಪುಡಿ ಇನ್ನು ನಮ್ಮ ಮನೆಯಲ್ಲಿ ಎಲ್ಲಿರುತ್ತದೆ ಎಂದು!

ಕೊಟ್ಟಿಗೆ ಹುಡುಕಿದೆ. ಹತ್ತಿಕಾಳಿನ ಚೀಲದ ಹಿಂದೆ, ನಿಮ್ಮ ಹಳೇ ರುಮಾಲಿನಲ್ಲಿ ಸುತ್ತಿದ ಡಬ್ಬಿ ಸಿಕ್ಕಿತು. ಅರ್ಧ ಡಬ್ಬಿ ಹಳದಿ ಪುಡಿ. ಅದರೊಳಗೆ ನನ್ನ ಸ್ಟೀಲ್ ಚಮಚ, ಕಳೆದುಹೋಯಿತೆಂದು ನಾನು ಮನೆಯೆಲ್ಲ ತಡಕಾಡಿದ ಚಮಚ. ಹಳೆಯದಿರಬೇಕು, ಎಸೆಯಲು ಮರೆತಿರಬೇಕು ಎಂದು ಆಗಲೂ ನಿಮ್ಮ ಪರವಾಗಿಯೇ ವಾದ ಮಾಡಿಕೊಂಡೆ. ಮರುದಿನ ರಾಚಪ್ಪನ ಅಂಗಡಿಗೆ ಹಿಂಡಿ ತರಲು ಹೋದರೆ ಅವನೇ ಕೇಳಿದ: ‘ಅಕ್ಕಾರ, ಅಣ್ಣಾರು ತಿಂಗಳಿಗೆ ಎರಡ ಡಬ್ಬಿ ತಪ್ಪಸ್ತಿರಲಿಲ್ರಿ. ಈ ಸಲ ಬರಲೇ ಇಲ್ಲ. ಆರಾಮ ಅದಾರಿಲ್ರಿ?’ ಪಾಪ, ಅವನಿಗೇನು ಗೊತ್ತು. ಆರಾಮ ಅದಾರಪಾ ಎಂದೆ. ಹಿಂಡಿ ಅಲ್ಲೇ ಬಿಟ್ಟು ಬಂದೆ.

ನಿಮ್ಮನ್ನು ಒಂದು ಮಾತು ಕೇಳಬೇಕು. ನಾನು ತರಬೇತಿ ಮುಗಿಸಿ ಬಂದು ಪಶುವೈದ್ಯೆ ಹೇಳಿದ್ದನ್ನೆಲ್ಲ ನಿಮಗೆ ಹೇಳಿದ ದಿನ ಗೌರಿಯ ಬೆನ್ನ ಮೇಲೆ ಕೈಯಿಟ್ಟು ‘ಇನ್ನ ಪುಡಿ ಮುಟ್ಟಾಂಗಿಲ್ಲ, ನೀ ಹೆಂಗ ಹೇಳ್ತಿ ಹಂಗ’ ಎಂದವರು ಯಾರು? ಅವತ್ತಿನಿಂದ ನಾನು ತೊಟ್ಟಿಯ ನೀರಿನಲ್ಲಿ ಮೇವಿಗೆಂದು ಅಜೋಲ್ಲಾ ಸೊಪ್ಪು ಬೆಳೆದೆ, ಜೋಳ ಮತ್ತು ಹಿಂಡಿಯ ನುಚ್ಚಿಗೆ ಖನಿಜ ಮಿಶ್ರಣ, ಯೀಸ್ಟು ಅಳೆದು ಹಾಕಿದೆ, ಬೆಳ್ಳುಳ್ಳಿ ಜಜ್ಜಿ ಜಜ್ಜಿ ಉಗುರು ಹಳದಿಯಾಯಿತು. ಹೊಟ್ಟೆಗೆ ಸರಿಯಾಗಿ ಹೋದರೆ ದನಕ್ಕೆ ದಿನಾ ಔಷಧಿ ಬೇಕಿಲ್ಲ ಎಂದು ಊರಿಗೆಲ್ಲ ಹೇಳಿದೆ. ಒಂಬತ್ತು ಮನೆಯ ಹೆಂಗಸರು ನಮ್ಮ ಎಮ್ಮೆಗಳನ್ನು ನೋಡಿ ಪುಡಿ ಬಿಟ್ಟರು. ನಾನು ಕೊಟ್ಟಿಗೆಯ ಮುಂಬಾಗಿಲಿನಲ್ಲಿ ಅವರಿಗೆ ಎಮ್ಮೆ ತೋರಿಸುತ್ತಿದ್ದೆ. ನೀವು ಹಿಂಬಾಗಿಲಿನಿಂದ ಚಮಚ ಹಿಡಿದು ಬರುತ್ತಿದ್ದಿರಿ. ಥೂ!

ಸಾವಿತ್ರವ್ವನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅದೇ, ಕುರಿ ಮಾರಿ ಎಮ್ಮೆ ಕಟ್ಟಿದಳಲ್ಲ, ಹಾಲುಮತದವರ ಮನೆಯ ಸಾವಿತ್ರವ್ವ. ಹೋದ ಚಳಿಗಾಲದಲ್ಲಿ ಅವಳ ಕರು ಭೇದಿಯಾಗಿ ಸತ್ತಾಗ ನಮ್ಮ ಕಟ್ಟೆಗೆ ಬಂದು, ‘ನೀ ಹೇಳಿದಾಂಗ ಮಾಡೇನಿ ಅಕ್ಕಾ, ಎಲ್ಲಿ ತಪ್ಪೇನಿ ಹೇಳು’ ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನೇನಂದೆ? ‘ನನ್ನ ಕರು ನೋಡ ಹೋಗು. ಅದಕ್ಕ ಏನಾಗೇತಿ? ನಿಂದs ಮೈಗಳ್ಳತನ’ ಎಂದೆ. ನೀವು ಅದೇ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಿರಿ. ಕತ್ತು ಎತ್ತಲಿಲ್ಲ. ಅವಳು ಇವತ್ತಿಗೂ ನನ್ನನ್ನು ಕಂಡರೆ ತನ್ನದೇ ತಪ್ಪು ಎನ್ನುವ ಹಾಗೆ ದಾರಿ ಬಿಟ್ಟು ನಿಲ್ಲುತ್ತಾಳೆ.

ಪುಡಿ ಬಿಟ್ಟ ಹೊಸದರಲ್ಲಿ ಗೌರಿಯ ಕೆಚ್ಚಲು ಬಾತಾಗ ನೀವು ಹೆದರಿದ್ದಿರಿ, ಅದು ನನಗೆ ಗೊತ್ತು. ಹೆದರಿದ್ದು ತಪ್ಪಲ್ಲ. ಬೇನೆ ಬಂದಾಗ ಡಾಕ್ಟರನ್ನು ಕರೆಸಿ ಔಷಧಿ ಹಾಕಿಸುವುದನ್ನು ಬೇಡವೆಂದವರು ಯಾರು? ಬಾವು ಇಳಿದ ಮೇಲೂ ದಿನಾ ಕದ್ದು ಹಾಕಿದಿರಿ, ನನಗೆ ಹೇಳಲಿಲ್ಲ. ಚಹಾದಂಗಡಿಯಲ್ಲಿ ನಾಲ್ಕು ಮಂದಿ ‘ಮುರಿಗೆಪ್ಪನ ಎಮ್ಮಿ ನೋಡ್ರಿ’ ಎಂದಾಗ ಮೀಸೆ ತಿರುವಿದಿರಿ. ಹೊಟ್ಟೆ ಉರಿಯುವುದು ಎಮ್ಮೆಗಾಗಿ ಅಲ್ಲ. ನನ್ನ ಕೈ ಕೆಟ್ಟಿದೆ ಎಂದು ನಾನೇ ನಂಬಿ ಕೊರಗುವಾಗ, ಕಾರಣ ಗೊತ್ತಿದ್ದೂ ನನಗೆ ಸಮಾಧಾನ ಹೇಳಿದಿರಲ್ಲ, ಅದಕ್ಕೆ.

ನೀವು ಹೋದ ಮೇಲೆ ಆ ಪುಡಿ ಎಮ್ಮೆಗಳ ಬಾಯಿಗೆ ಹೋಗಿಲ್ಲ. ಮೊದಲ ವಾರ ಹಾಲು ಅರ್ಧ ಲೀಟರ್ ಇಳಿದು ಮತ್ತೆ ಏರಿತು. ಕೆಚ್ಚಲು ಮೆತ್ತಗಿದೆ, ಸೆಗಣಿ ಗಟ್ಟಿ ಬೀಳುತ್ತಿದೆ. ಇಪ್ಪತ್ತೈದು ದಿನಕ್ಕೇ ಗೆದ್ದೆ ಎನ್ನುವಷ್ಟು ದಡ್ಡಿ ನಾನಲ್ಲ. ಒಂದು ಚಳಿಗಾಲ, ಒಂದು ಮಳೆಗಾಲ ಕಳೆಯಬೇಕು. ಸೋಮವಾರ ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ ಸೇರುತ್ತಾರೆ. ಹೊಸ ಮೂರು ಮನೆಯವರೂ ಎಮ್ಮೆ ನೋಡಲು ಬರುತ್ತಾರೆ. ಡಬ್ಬಿಯನ್ನು ಅವರ ನಡುವೆ ಇಡುತ್ತೇನೆ. ಅವರು ಇನ್ನು ನನ್ನ ಮಾತು ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ಬಿಟ್ಟುಹೋದರೆ ತಡೆಯುವ ಬಾಯಿ ನನಗಿಲ್ಲ.

ಭಾಗ್ಯಾಳಿಗೆ, ರಾಹುಲನಿಗೆ ನನ್ನ ಆಶೀರ್ವಾದ. ಅಳಿಯ ಮಹೇಶನಿಗೆ ಶರಣು ತಿಳಿಸಿ. ನಿಮ್ಮ ಮಂಡಿಯನ್ನು ಬಸವಣ್ಣ ಕಾಯಲಿ, ಉಳಿದದ್ದನ್ನು ನೀವೇ ನೋಡಿಕೊಳ್ಳಿ.

ಇಂತಿ,
ಲಕ್ಕವ್ವ

ತಾ.ಕ. ಈ ಕಾಗದ ಒಯ್ಯಲು ಹುಕ್ಕೇರಿಗೆ ಹೊರಟ ಶಿದ್ರಾಮ ಗಾಡಿ ಚಾಲೂ ಮಾಡಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಭಾಗ್ಯಾ ಗಂಡನ ಮನೆಗೆ ಹೋಗುವಾಗ ನಿಮ್ಮ ಅವ್ವನ ಹೆಪ್ಪನ್ನು ಡಬ್ಬಿಯಲ್ಲಿ ಒಯ್ದಿದ್ದಳು. ಅದು ಈಗ ಉಳಿದಿರುವುದು ಅಲ್ಲಿ ಮಾತ್ರ. ನೀವು ಅಲ್ಲಿ ದಿನಾ ಉಣ್ಣುತ್ತಿರುವುದು ಅದೇ ಮೊಸರು. ಶಿದ್ರಾಮ ರವಿವಾರ ಹೊರಳಿ ಬರುತ್ತಾನೆ. ಸೋಮವಾರ ಸಾವಿತ್ರವ್ವನ ಮುಂದೆ ನಿಂತು ‘ಪುಡಿ ಹಾಕಿದಾಂವ ನಾನು’ ಎಂದು ನಿಮ್ಮ ಬಾಯಿಂದಲೇ ಹೇಳುವುದಾದರೆ, ಹೆಪ್ಪನ್ನು ನಿಮ್ಮ ಕೈಯಲ್ಲೇ ಹಿಡಿದು ಅವನ ಗಾಡಿಯಲ್ಲಿ ಬನ್ನಿ. ಆಗದಿದ್ದರೆ ಹೆಪ್ಪನ್ನಷ್ಟೇ ಅವನ ಕೈಯಲ್ಲಿ ಕಳಿಸಿ, ನೀವು ಅಲ್ಲೇ ಇರಿ.