ಪೊರಕೆ ಕಡ್ಡಿಯ ಚಿಗಳಿ

ತಗ್ಗೂರು
ಬಿಸಿಲು ತಿಂಗಳ ನೂರಾ ಹನ್ನೊಂದನೇ ತಾರೀಕು, 2149

ಹಿಂದಿನವರಿಗೆ,

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡೇ ತಿಂಗಳು, ಬಿಸಿಲು ಮತ್ತು ಕೆಸರು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ಹಾಗೆ ನೋಡಿದರೆ ನಿಮ್ಮ ಮಾತುಗಳೂ ನಮಗೆ ತಿಳಿಯುವುದಿಲ್ಲ. ಡಯೆಟ್ ಎಂಬ ಪದವನ್ನು ನಿಮ್ಮ ಬರಹಗಳಲ್ಲಿ ಓದಿದ್ದೇನೆ. ಎದುರಿಗೆ ಊಟವಿದ್ದೂ ಉಣ್ಣದೆ ಇರುವುದಂತೆ, ಹಾಗೆ ಇರುವುದು ಹೇಗೆಂದು ಕಲಿಸುವವರಿಗೆ ಕಾಸು ಬೇರೆ ಕೊಡುತ್ತಿದ್ದಿರಂತೆ. ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ಮುದುಕಿಗೆ ಅರಳುಮರಳು ಎನ್ನುತ್ತಾರೆ.

ನನ್ನ ಹೆಸರು ಹುಲಿಗೆಮ್ಮ, ವಯಸ್ಸು ಎಂಬತ್ತರ ಹತ್ತಿರ. ಬಳ್ಳಾರಿ ಸೀಮೆಯಲ್ಲಿ ನೀವು ಅದಿರಿಗಾಗಿ ಬಗೆದು ಬಿಟ್ಟುಹೋದ ಗುಂಡಿಯೊಂದರ ತಳದಲ್ಲಿ ನಮ್ಮ ಊರಿದೆ. ಮೇಲೆ, ಬಯಲಿನಲ್ಲಿ, ಹಗಲು ಹೊತ್ತು ಯಾವ ಜೀವವೂ ಉಳಿಯುವುದಿಲ್ಲ. ಗುಂಡಿಯ ನೆರಳಿನಲ್ಲಿ ಉಳಿಯಬಹುದು. ಆ ಮಟ್ಟಿಗೆ ನಿಮ್ಮ ದುರಾಸೆಯ ಋಣ ನಮ್ಮ ಮೇಲಿದೆ. ಈ ಕಾಗದ ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಹೇಗೆ ಹೋಗುತ್ತದೆಂದು ಕೇಳಬೇಡಿ, ನಿಮ್ಮ ಕೈಯಲ್ಲಿರುವ ಫೋನು ಹೇಗೆ ಮಾತಾಡುತ್ತದೆಂದು ನಿಮಗೆ ಗೊತ್ತಿದೆಯೇ? ಜೀವಮಾನಕ್ಕೆ ಒಬ್ಬರಿಗೆ ಒಂದೇ ಕಾಗದ, ಅದೂ ಕೊನೆಬಯಕೆ ಮುಗಿಸಿದವರಿಗೆ ಮಾತ್ರ. ನಾನು ಇವತ್ತು ಬೆಳಿಗ್ಗೆ ಮುಗಿಸಿದೆ. ಸಂಜೆ ನನಗಾಗಿ ಬಾಗಿಲು ತೆಗೆಯುತ್ತಾರೆ. ಅಷ್ಟರೊಳಗೆ ನಿಮ್ಮನ್ನು ಒಂದಿಷ್ಟು ಬೈಯುವುದಿದೆ.

ಕೊನೆಬಯಕೆ ಏನೆಂದು ತಿಳಿಯಬೇಕಾದರೆ ಮೊದಲು ಪಾಲಿನ ವಿಷಯ ತಿಳಿಯಬೇಕು. ಪಾಲು ಎಂದರೆ ಒಬ್ಬರಿಗೆ ದಿನಕ್ಕೆ ಸಿಗುವ ಪಾಚಿರೊಟ್ಟಿ ಮತ್ತು ಒಂದು ಚೊಂಬು ನೀರು. ತೊಟ್ಟಿಯಲ್ಲಿ ಬೆಳೆಸಿದ ಪಾಚಿಯನ್ನು ಹಿಂಡಿ, ಒಣಗಿಸಿ, ತಟ್ಟಿದ್ದು ಪಾಚಿರೊಟ್ಟಿ. ಒದ್ದೆ ಗೋಡೆ ನೆಕ್ಕಿದಂತಿರುತ್ತದೆ. ತೊಟ್ಟಿಗಳು ಇರುವಷ್ಟೇ ಇವೆ, ಆದ್ದರಿಂದ ಪಾಲುಗಳೂ ಇರುವಷ್ಟೇ. ನಿಮ್ಮ ಮದುವೆಮನೆಗಳಲ್ಲಿ ಮೊದಲ ಪಂಕ್ತಿಯವರು ಎಲೆ ಬಿಟ್ಟು ಏಳದೆ ಎರಡನೆಯವರು ಕೂರುವಂತಿರಲಿಲ್ಲವಲ್ಲ, ನಮ್ಮದೂ ಅದೇ ಲೆಕ್ಕ. ಮನೆಯಲ್ಲಿ ಕೂಸು ಹುಟ್ಟಿದರೆ ಆ ಮನೆಯ ಹಿರಿಯರೊಬ್ಬರು ಏಳಬೇಕು. ಏಳುವ ತನಕ ಅದು ಸಾಲುಕೂಸು. ಅದಕ್ಕೆ ಹೆಸರಿಡುವಂತಿಲ್ಲ, ತಾಯಿಯ ಪಾಲಿನಲ್ಲೇ ಅದೂ ಬದುಕಬೇಕು, ತಾಯಿಯೂ ಬದುಕಬೇಕು. ಎಷ್ಟೋ ಸಾಲುಕೂಸುಗಳು ಸಾಲಿನಲ್ಲೇ ಮುಗಿಯುತ್ತವೆ.

ಎದ್ದವರು ಮೇಲೆ ಹೋಗುತ್ತಾರೆ. ನಮ್ಮಲ್ಲಿ ಇದು ಮಾತಿನ ಮರ್ಯಾದೆಯಲ್ಲ. ನಿಜವಾಗಿಯೂ ಬಾಗಿಲು ತೆಗೆದು, ಗುಂಡಿಯ ಅಂಚಿಗೆ ಹೋಗುವ ಲಾರಿ ದಾರಿಯಲ್ಲಿ ಹತ್ತಿಸಿ ಕಳಿಸುತ್ತಾರೆ. ಸಂಜೆಯೇ ಕಳಿಸುವುದು ಕರುಣೆಯಿಂದ. ರಾತ್ರಿಯಿಡೀ ತಂಪಿನಲ್ಲಿ ನಡೆಯಬಹುದು, ಬೆಳಗಾದ ಮೇಲೆ ನಡೆಯುವ ಕಷ್ಟವೇ ಇರುವುದಿಲ್ಲ.

ಆದರೆ ಎಪ್ಪತ್ತೈದು ದಾಟಿದವರನ್ನು ಸುಮ್ಮನೆ ಹೊರಗೆ ದಬ್ಬುವಷ್ಟು ಕಟುಕರಾಗಿರಲಿಲ್ಲ ಈ ಊರು ಕಟ್ಟಿದವರು. ಬಸುರಿಯ ಬಯಕೆ ತೀರಿಸದೆ ಹೆರಿಗೆಗೆ ಕಳಿಸಬಾರದು ಎಂಬ ಹಳೇ ನಂಬಿಕೆಯನ್ನು ತಿರುವಿ ಹಾಕಿ, ಬಯಕೆ ತೀರಿಸದೆ ಯಾರನ್ನೂ ಸಾಯಲು ಕಳಿಸಬಾರದೆಂದು ಕಾನೂನು ಮಾಡಿದರು. ಎಪ್ಪತ್ತೈದು ದಾಟಿದೊಡನೆ, ಮನೆಯಲ್ಲಿ ಕೂಸು ಹುಟ್ಟಿರಲಿ ಬಿಡಲಿ, ಮುದುಕರು ತಾವು ಚಿಕ್ಕಂದಿನಲ್ಲಿ ತಿಂದ ಒಂದು ತಿಂಡಿಯ ಹೆಸರು ಹೇಳಬೇಕು. ನೆನಪಡುಗೆಯವರು, ಎಂದರೆ ಇದೇ ಕೆಲಸಕ್ಕೆಂದು ಇರುವ ಅಡುಗೆಯವರು, ಅದನ್ನು ಮಾಡಿ ತಂದು ಸಾಕ್ಷಿಯ ಎದುರಿಗೆ ತಿನ್ನಿಸುತ್ತಾರೆ. ತಿಂದವರು ‘ಇದೇ’ ಎಂದರೆ ಒಪ್ಪಿಗೆ. ಇನ್ನಷ್ಟು ಬೇಕೆಂದು ಕೇಳಿದರೂ ಒಪ್ಪಿಗೆಯೇ. ‘ಇದಲ್ಲ’ ಎಂದರೆ ಅಡುಗೆಯವರು ತಟ್ಟೆ ಎತ್ತಿಕೊಂಡು ಹೋಗಿ, ಮುಂದಿನ ಹುಣ್ಣಿಮೆಗೆ ಮತ್ತೆ ಮಾಡಿ ತರಬೇಕು.

ಬುದ್ಧಿ ಇದ್ದವರು ಏನೆನ್ನಬೇಕು ಹೇಳಿ. ಆದರೆ ಮನುಷ್ಯರಿಗೆ ಬುದ್ಧಿ ಕೈಕೊಡುವುದೇ ಬಾಯಿಯ ಹತ್ತಿರ. ನನ್ನ ಪಕ್ಕದ ಮನೆಯ ಚನ್ನಪ್ಪ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೇಳಿದ್ದ. ನಾಲ್ಕು ಹುಣ್ಣಿಮೆ ಎಳೆಯುತ್ತೇನೆ ನೋಡು ಎಂದು ನನ್ನೆದುರು ಮೀಸೆ ತಿರುವಿದವನು, ಮೊದಲ ಮಿರ್ಚಿ ಕಚ್ಚಿದ್ದೇ ತಡ ಗೊಳೋ ಎಂದು ಅತ್ತು, “ಇದೇ ಯಪ್ಪಾ, ನಮ್ಮವ್ವನ ಕೈದು” ಎಂದುಬಿಟ್ಟ. ಅವರವ್ವ ಜನ್ಮದಲ್ಲಿ ಮಿರ್ಚಿ ಕರಿದವಳಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕೊಡಿಸುತ್ತಿದ್ದಳು ಅಷ್ಟೆ. ಐಸ್ ಕ್ಯಾಂಡಿ ಕೇಳಿದ ಗೌರಕ್ಕ, ಕೆಂಪಾದ ತನ್ನ ನಾಲಿಗೆಯನ್ನು ಕನ್ನಡಿಯಲ್ಲಿ ನೋಡಿಕೊಂಡು ನಕ್ಕು ಒಪ್ಪಿದಳು. ಮುದುಕರು ಅಳುತ್ತಾ ನಗುತ್ತಾ ಮೇಲೆ ಹೋಗುವುದನ್ನು ನೋಡಲು ಊರೇ ಸೇರುತ್ತದೆ. ನಮಗೆ ಬೇರೆ ಮನರಂಜನೆ ಇಲ್ಲ.

ಈಗ ನಿಮ್ಮ ಸರದಿ. ನಿಮ್ಮ ಕಾಲದ ಅಂತರ್ಜಾಲದಿಂದ ನಮ್ಮವರೆಗೆ ಉಳಿದು ಬಂದದ್ದು ಎರಡೇ, ನಿಮ್ಮ ಜಗಳಗಳು ಮತ್ತು ನಿಮ್ಮ ಬಾಲ್ಯದ ತಿಂಡಿಗಳು. ಜಗಳಗಳನ್ನು ಯಾರೂ ಓದುವುದಿಲ್ಲ. ತಿಂಡಿಗಳನ್ನು ನೆನಪಡುಗೆಯವರು ಬಾಯಿಪಾಠ ಮಾಡುತ್ತಾರೆ. ಆ ದಿನಗಳೇ ಚೆನ್ನ, ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಾ ಎಷ್ಟು ಬರೆದಿದ್ದೀರಿ ನೀವು. ಕಮರಕಟ್ಟು, ಶುಂಠಿ ಪೆಪ್ಪರಮೆಂಟು, ಬೊಂಬಾಯಿ ಮಿಠಾಯಿ, ಉಪ್ಪು ಕಾರ ಸವರಿದ ಮಾವಿನಕಾಯಿ. ಬರೆದದ್ದಕ್ಕೆ ನನ್ನ ತಕರಾರಿಲ್ಲ. ಅಳತೆ ಏಕೆ ಕೊಟ್ಟಿರಿ? ನಿಮ್ಮ ಅಜ್ಜಿಯರು ಎಷ್ಟು ಜಾಣರು, ಕೇಳಿದರೆ ಕಣ್ಣಂದಾಜು ಎನ್ನುತ್ತಿದ್ದರು, ರುಚಿಗೆ ತಕ್ಕಷ್ಟು ಎನ್ನುತ್ತಿದ್ದರು. ಅವರ ಬಾಯಿಂದ ಒಂದು ಸರಿಯಾದ ಅಳತೆ ಹೊರಡುತ್ತಿರಲಿಲ್ಲ. ನೀವು ಚಮಚ ಹಿಡಿದು ಕೂತಿರಿ. ನಿಮ್ಮ ಒಂದೊಂದು ಚಮಚಕ್ಕೂ ಇಲ್ಲಿ ಒಬ್ಬ ಮುದುಕ ಮೇಲೆ ಹೋಗಿದ್ದಾನೆ.

ನಾನು ಕೇಳಿದ್ದು ಹುಣಸೆ ಚಿಗಳಿ. ನನ್ನ ಬಾಲ್ಯದಲ್ಲಿ ಇನ್ನೂ ಮೇಲೆಯೇ ಇದ್ದೆವು, ಹಗಲು ಬಟ್ಟೆ ಸುತ್ತಿಕೊಂಡು ಓಡಾಡಬಹುದಿತ್ತು. ಶಾಲೆಯ ಗೇಟಿನ ಹತ್ತಿರ ಮಾಬವ್ವ ಎಂಬಾಕೆ ಕೂರುತ್ತಿದ್ದಳು. ಹುಣಸೆಹಣ್ಣು, ಬೆಲ್ಲ, ಒಣಮೆಣಸು, ಉಪ್ಪು, ಜೀರಿಗೆ ಹಾಕಿ ಕುಟ್ಟಿ, ಗೋಲಿ ಗಾತ್ರದ ಉಂಡೆ ಮಾಡಿ ಕಡ್ಡಿಗೆ ಸಿಕ್ಕಿಸಿ ಕೊಡುತ್ತಿದ್ದಳು. ಅದನ್ನು ಬಾಯಲ್ಲಿಟ್ಟರೆ ಕಿವಿಯ ಬುಡ ಜುಮ್ಮೆನ್ನುತ್ತಿತ್ತು, ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕೊಳ್ಳಲಾಗದ ಮಕ್ಕಳ ಎದುರಿಗೆ ನಿಂತು ಅವರಿಗೆ ತೋರಿಸಿ ತೋರಿಸಿ ನೆಕ್ಕುತ್ತಿದ್ದೆವು. ಚಿಗಳಿಯ ಅರ್ಧ ರುಚಿ ಅದರಲ್ಲೇ ಇತ್ತು. ಈ ಮಾತು ನಿಮ್ಮ ಬರಹಗಳಲ್ಲಿ ಎಲ್ಲೂ ಇಲ್ಲ, ನಿಮ್ಮಲ್ಲಿ ಎಲ್ಲರೂ ಹಂಚಿಕೊಂಡು ತಿಂದವರೇ.

ನಾಲ್ಕು ವರ್ಷ ನಾನು ‘ಇದಲ್ಲ’ ಎಂದೆ. ಮೊದಮೊದಲು ನಿಜವಾಗಿಯೂ ಅದಾಗಿರಲಿಲ್ಲ. ಆಮೇಲೆ ಯಂತ್ರದಿಂದ ಹುಣಸೆಯ ಹುಳಿ ತೆಗೆಯಲು ಕಲಿತರು, ಬೆಲ್ಲದ ಕಂದು ಸಿಹಿ ತೆಗೆಯಲು ಕಲಿತರು, ನಿಮ್ಮವರೊಬ್ಬರು ನಿಂಬೆ ಗಾತ್ರದ ಹಣ್ಣಿಗೆ ಇಷ್ಟು ಬೆಲ್ಲ, ಇಷ್ಟು ಉಪ್ಪು ಎಂದು ಬರೆದದ್ದನ್ನೂ ಹುಡುಕಿ ತೆಗೆದರು. ರುಚಿ ತೀರಾ ಹತ್ತಿರ ಬಂತು. ಆದರೂ ಬಾಯಿಗೆ ಬಂದ ತಪ್ಪು ಹೇಳಿದೆ. ಉಪ್ಪು ಮುಂದಾಗಿದೆ ಎಂದೆ, ಮರುಹುಣ್ಣಿಮೆಗೆ ಹಿಂದಾಗಿದೆ ಎಂದೆ. ಜೀರಿಗೆ ಹುರಿದದ್ದು ಹೆಚ್ಚಾಯಿತು ಎಂದೆ. ನೆನಪಡುಗೆಯವರು ಕೈಚೆಲ್ಲಿದಾಗ ಆ ಕೆಲಸಕ್ಕೆ ತಾನೇ ಸೇರಿದವಳು ನನ್ನ ಮೊಮ್ಮಗ ಗಾದಿಲಿಂಗನ ಹೆಂಡತಿ, ವೇದಾವತಿ. ನದಿಗಳು ಬತ್ತಿದ ಮೇಲೆ ಹೆಣ್ಣುಮಕ್ಕಳಿಗೆ ನದಿಗಳ ಹೆಸರಿಡುವ ಚಟ ನಮ್ಮವರಿಗೆ ಹೆಚ್ಚಾಯಿತು. ಅವಳಿಗೆ ಆಗ ದಿನ ತುಂಬುತ್ತಿತ್ತು. ನನ್ನನ್ನು ಕಳಿಸಲೆಂದೇ ಸೇರಿದಳು, ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಕೂಸು ಹುಟ್ಟಿತು, ಹೆಣ್ಣು. ಸಾಲುಕೂಸಾಯಿತು. ವೇದಾವತಿಯ ಕೆನ್ನೆ ಒಳಗೆ ಹೋಯಿತು, ಹಾಲು ಕಡಿಮೆಯಾಯಿತು, ಕೂಸಿನ ಅಳು ಬೆಕ್ಕಿನ ಮರಿಯ ದನಿಯಷ್ಟಾಯಿತು. ಗಾದಿಲಿಂಗ ಒಂದು ದಿನ ಬಂದು ನನ್ನ ಕಾಲ ಹತ್ತಿರ ಕೂತು, “ಅಜ್ಜೀ, ಕೂಸಿನ ಮಾರಿ ಒಂದ್ಸಲ ನೋಡು” ಎಂದ. “ನೋಡೇನಿ. ಮೂಗು ನಿಮ್ಮಪ್ಪಂದು ಐತಿ” ಎಂದೆ. ಅವನು ಎದ್ದು ಹೋದ. ಅವತ್ತಿನಿಂದ ನನ್ನೊಡನೆ ಮಾತಿಲ್ಲ.

ನನ್ನನ್ನು ರಾಕ್ಷಸಿ ಎನ್ನುತ್ತೀರಿ. ಎನ್ನಿ. ನನಗೆ ಸಾಯಲು ಇಷ್ಟವಿರಲಿಲ್ಲ. ಬೆಳಿಗ್ಗೆ ಗುಂಡಿಯ ಪಡುವಣ ಗೋಡೆಯ ಮೇಲೆ ಕೆಂಪು ಬೆಳಕು ಇಳಿದು ಬರುವುದನ್ನು ನೋಡುವುದು ನನಗೆ ಇಷ್ಟ, ಆ ಒದ್ದೆ ಗೋಡೆಯ ರೊಟ್ಟಿಯೂ ಇಷ್ಟ. ಮಕ್ಕಳಿಗಾಗಿ ಪ್ರಾಣವನ್ನೇ ಕೊಡುತ್ತೇವೆ ಎಂದು ಹೇಳಿಕೊಂಡು ತಿರುಗಿದವರು ನೀವು, ಮಕ್ಕಳಿಗಾಗಿ ಒಂದು ಮರ ಬಿಡಲಿಲ್ಲ. ನಾನು ಹೇಳಿಕೊಂಡು ತಿರುಗಲಿಲ್ಲ, ಅಷ್ಟೇ ವ್ಯತ್ಯಾಸ.

ಇವತ್ತು ಬೆಳಿಗ್ಗೆ ವೇದಾವತಿ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಬಂದಳು. ಕಂಕುಳಲ್ಲಿ ಕೂಸು. ಎದುರಿಗೆ ಸಾಕ್ಷಿ ಪಂಪಣ್ಣ, ಆಕಳಿಸುತ್ತಾ ಕೂತಿದ್ದ. ನಾನು ಆಗಲೇ ಬೆಲ್ಲದ ಮೇಲೆ ತಪ್ಪು ಹೊರಿಸಲು ಸಿದ್ಧಳಾಗಿದ್ದೆ. ಅವಳು ಬಟ್ಟೆ ತೆಗೆಯುವ ಮೊದಲು ಮೆಲ್ಲಗೆ ಹೇಳಿದಳು, “ಅಜ್ಜೀ, ನೀವು ಉಪ್ಪಿಗೆ ಬೈದ್ರಿ, ಬೆಲ್ಲಕ್ಕ ಬೈದ್ರಿ, ಜೀರಿಗಿಗೆ ಬೈದ್ರಿ. ಕಡ್ಡಿಗೆ ಮಾತ್ರ ಒಂದಿನಾನೂ ಬೈಲಿಲ್ರೀ.”

ಸಿಕ್ಕಿಬಿದ್ದೆ. ಅಡುಗೆಮನೆಯವರು ಯಾವಾಗಲೂ ಹೊಳೆಯುವ ಸ್ಟೀಲಿನ ಕಡ್ಡಿಗೆ ಸಿಕ್ಕಿಸಿ ತರುತ್ತಿದ್ದರು. ತಪ್ಪಿದ್ದದ್ದು ಅಲ್ಲೇ, ಅದಕ್ಕೇ ಅದರ ಸುದ್ದಿ ಎತ್ತುತ್ತಿರಲಿಲ್ಲ. ಮಾಬವ್ವ ಚಿಗಳಿಯನ್ನು ಸಿಕ್ಕಿಸುತ್ತಿದ್ದದ್ದು ತಾನು ಅಂಗಳ ಗುಡಿಸುವ ತೆಂಗಿನ ಪೊರಕೆಯಿಂದ ಎಳೆದ ಕಡ್ಡಿಗೆ. ಉಂಡೆ ಕರಗಿದ ಮೇಲೂ ನಾವು ಆ ಕಡ್ಡಿಯನ್ನು ಜಗಿಯುತ್ತಿದ್ದೆವು. ಹುಳಿಯ ಹಿಂದೆ ಒಂದು ಒಗರು, ಒಂದಿಷ್ಟು ಮಣ್ಣು. ನಿಮ್ಮಲ್ಲಿ ಇದನ್ನು ಬರೆದವರು ಒಬ್ಬರೂ ಇಲ್ಲ, ಎಲ್ಲರೂ ಬರೀ ಕಡ್ಡಿ ಎಂದು ಬರೆದು ಮುಂದೆ ಹೋಗಿದ್ದೀರಿ. ತೆಂಗಿನಮರ ಈಗ ಲೋಕದಲ್ಲಿಲ್ಲ. ಇರುವುದು ನಮ್ಮವ್ವ ಬಿಟ್ಟುಹೋದ ಒಂದು ಪೊರಕೆ, ಕೆಟ್ಟ ಕನಸು ಬೀಳಬಾರದೆಂದು ನಾನು ಮಂಚದ ಕೆಳಗೆ ಇಟ್ಟುಕೊಂಡದ್ದು. ಆ ಹುಡುಗಿ ನಾನು ಮಲಗಿದ್ದಾಗ ನನ್ನ ಮಂಚದ ಕೆಳಗೇ ಕೈ ಹಾಕಿದ್ದಳು. ಅವಳ ಜಾಣತನವನ್ನು ಮೆಚ್ಚಿದೆ, ಅದೇ ಉಸಿರಿನಲ್ಲಿ ಅವಳನ್ನು ಶಪಿಸಿದೆ.

ಬಾಯಲ್ಲಿಟ್ಟೆ. ಕಿವಿಯ ಬುಡ ಜುಮ್ಮೆಂದಿತು. ಒಂದು ಕಣ್ಣು ಮುಚ್ಚಿಕೊಂಡಿತು. ‘ಇದಲ್ಲ’ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ನಾಲ್ಕು ವರ್ಷದಿಂದ ಪಳಗಿದ ಮಾತು. ಕಡ್ಡಿಯನ್ನು ಜಗಿದೆ. ಒಗರು ಬಂತು, ಮಣ್ಣು ಬಂತು. ಕೈ ತಾನಾಗಿ ಮುಂದೆ ಚಾಚಿತು.

“ಇನ್ನೊಂದ್ ಕೊಡಬೇ ಮಾಬವ್ವ.”

ಆ ದನಿ ನನ್ನದೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಪಂಪಣ್ಣನ ಆಕಳಿಕೆ ನಿಂತಿತ್ತು. ವೇದಾವತಿಯ ತಟ್ಟೆಯಲ್ಲಿ ನಿಜಕ್ಕೂ ಇನ್ನೊಂದಿತ್ತು. ಅದನ್ನು ಕೈಗೆತ್ತಿಕೊಂಡು, “ಒಂದೇ ಅಜ್ಜೀ. ಕಾನೂನು” ಎಂದಳು. ಎಂದು, ಅದನ್ನು ಕೂಸಿನ ತುಟಿಗೆ ತಾಗಿಸಿದಳು. ಈಗ ಅದಕ್ಕೆ ಪಾಲು ಇದೆಯಲ್ಲ. ಕೂಸು ಮುಖವನ್ನೆಲ್ಲ ಮುದ್ದೆ ಮಾಡಿಕೊಂಡು ನಡುಗಿತು. ಆಮೇಲೆ ಮತ್ತೆ ಬಾಯಿ ತೆರೆಯಿತು. ನನಗೆ ತೋರಿಸಿ ತೋರಿಸಿ ನೆಕ್ಕಿತು ಎಂದೇ ನನಗೆ ಅನ್ನಿಸಿತು. ಹೊಟ್ಟೆಕಿಚ್ಚಿನಿಂದ ಕಣ್ಣು ತುಂಬಿತು.

ಅದಕ್ಕೆ ನನ್ನ ಹೆಸರನ್ನೇ ಇಡುತ್ತಾರಂತೆ. ಹಳೆಯದನ್ನು ಎಸೆಯುವ ಪದ್ಧತಿ ನಮ್ಮಲ್ಲಿಲ್ಲ, ಮುದುಕರನ್ನು ಬಿಟ್ಟು.

ಮಧ್ಯಾಹ್ನವೆಲ್ಲ ಒಂದೇ ಯೋಚನೆ. ಆ ಕೂಸು ತಿಂದ ಮೊದಲ ತಿಂಡಿ ಅದು. ಒಂದು ದಿನ ಅದೂ ಮುದುಕಿಯಾಗಿ ಇದೇ ಜಾಗದಲ್ಲಿ ಕೂತಾಗ ಬೇರೇನು ಕೇಳೀತು? ಇವರ ಹತ್ತಿರ ಈಗ ಎಲ್ಲವೂ ಇದೆ, ನಿಮ್ಮ ಅಳತೆ, ಯಂತ್ರದ ಹುಳಿ, ವೇದಾವತಿಯ ಕೈ. ಕಡ್ಡಿಯೂ ಇದ್ದರೆ ಮೊದಲ ಹುಣ್ಣಿಮೆಗೇ ಅದರ ಕೈ ನನ್ನ ಕೈಯಂತೆಯೇ ಮುಂದೆ ಚಾಚುತ್ತದೆ. ಸುಳ್ಳು ‘ಇದಲ್ಲ’ ಎಷ್ಟು ದಿನ ನಿಲ್ಲುತ್ತದೆಂದು ನನಗೆ ಗೊತ್ತಾಗಿದೆ. ನಿಜವಾದ ‘ಇದಲ್ಲ’ ಇದ್ದರೆ ಮಾತ್ರ ಬದುಕಬಹುದು.

ಆದ್ದರಿಂದ ಬೆಳಗಿನ ಎರಡು ಎಂಜಲು ಕಡ್ಡಿಗಳನ್ನೂ ಮರಳಿ ಸಿಕ್ಕಿಸಿ, ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದೇನೆ. ನನ್ನ ಜೊತೆಗೆ ಅದೂ ಮೇಲೆ ಬರುತ್ತದೆ, ಬೆಳಗಾದ ಮೇಲೆ ನನ್ನಷ್ಟೇ ಹೊತ್ತು ಉಳಿಯುತ್ತದೆ. ವೇದಾವತಿ ಗಂಡನಿಗೆ ಹೇಳುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು, “ಹೋಗೋ ಹೊತ್ತಿನಾಗೂ ಪೊರಕಿ ಬಿಡವಲ್ಲಳು ನೋಡು ಮುದುಕಿ. ಎಂಥಾ ಆಸಿ.” ಹಾಗೆಯೇ ಅಂದುಕೊಳ್ಳಲಿ. ನಿಜ ಹೇಳಿದರೆ ಅವಳು ಒಂದು ಕಡ್ಡಿ ತೆಗೆದಿಟ್ಟುಕೊಂಡಾಳು, ಜಾಣೆ.

ನಿಮ್ಮಲ್ಲಿ ನನ್ನದು ಒಂದೇ ಕೋರಿಕೆ. ಓದಿದ ಮೇಲೆ ಈ ಕಾಗದವನ್ನು ಸುಟ್ಟುಬಿಡಿ, ಕಡ್ಡಿಯ ಸುದ್ದಿ ಎಲ್ಲೂ ಬರೆಯಬೇಡಿ. ನಿಮ್ಮ ಮನೆಯ ತೆಂಗಿನ ಪೊರಕೆಗಳನ್ನು ಸವೆಯುವ ತನಕ ಗುಡಿಸಿ, ಆಮೇಲೆ ಒಲೆಗೆ ಹಾಕಿ. ನಮಗೆಂದು ಒಂದು ಕಡ್ಡಿಯನ್ನೂ ಉಳಿಸಬೇಡಿ. ಉಳಿಸುವ ಅಭ್ಯಾಸ ನಿಮಗೆ ಹೇಗೂ ಇಲ್ಲ.

ಬಾಗಿಲಿನ ಸರಪಳಿ ಎಳೆಯುತ್ತಿದ್ದಾರೆ. ನೋಡಲು ಊರು ಸೇರಿದೆ. ನಾನು ಅಳುವುದಿಲ್ಲ, ಅವರು ಬೇರೆ ಮನರಂಜನೆ ಹುಡುಕಿಕೊಳ್ಳಲಿ.

ಹುಲಿಗೆಮ್ಮ, ದೊಡ್ಡವಳು