ಕಾಗೆ ಮುಟ್ಟಿದ ಮಾತು

ಪ್ರೀತಿಯ ಬಾಳು ಕಾಕಾ,

ಅಲ್ಲಿ ನಸುಕಿನಲ್ಲಿ ನಡೆಯಲು ಜಾಗವಿದೆಯೋ ಇಲ್ಲವೋ? ಇರದಿದ್ದರೆ ಅಲ್ಲಿನವರ ಗತಿ ಏನಾಗಿದೆಯೋ ಎಂದು ನನಗೆ ಚಿಂತೆ. ನಮ್ಮೂರ ಗಾರ್ಡನ್ ಬೆಂಚಿನ ಮೇಲೆ ನಾನು ಕಣ್ಣು ಮುಚ್ಚಿದರೆ ಸಾಕು, ನಿಮ್ಮ ಕೋಲು ಬೆಂಚಿನ ಕಾಲಿಗೆ ಟಕ್, ಟಕ್ ಎಂದು ಬಡಿಯುತ್ತಿತ್ತು. "ಏಳಲೇ, ನಿದ್ದಿ ಮನ್ಯಾಗ ಮಾಡು."

ಆ ಗಾರ್ಡನ್ನಿನ ಬೇವಿನ ಮರಗಳನ್ನು ಕಡಿದು ಅಲ್ಲಿ ಅಂಗಡಿ ಕಟ್ಟಡ ಎಬ್ಬಿಸುತ್ತಾರೆಂಬ ಸುದ್ದಿ ಬಂದಾಗ ನೀವು ಮನೆಮನೆಗೆ ಸಹಿ ಕೇಳುತ್ತ ಹೊರಟಿರಿ. ಚಳವಳಿಯಲ್ಲಿ ನನ್ನ ಘನ ಪಾತ್ರ, ನಿಮಗೆ ಕೊಡೆ ಹಿಡಿಯುವುದು. ಆದರೆ ಪುರಸಭೆಯಲ್ಲಿ ಆ ಕಟ್ಟಡಕ್ಕೆ ಮೊದಲು ಹೂಂ ಅಂದ ಮೆಂಬರ್ ನಿಮ್ಮ ಮಗ ಪ್ರಕಾಶನೇ. "ಅವನ ಸಹಿ ಕೇಳೂದಿಲ್ರಿ?" ಅಂದಿದ್ದೆ. "ಸಹಿ ತಗೊಂಡ ಏನ ಮಾಡ್ಲಿ? ಸಭಾದಾಗ ಅವ ಎತ್ತೋ ಕೈ ಇಳಸಬೇಕಲೇ," ಅಂದಿರಿ. ಅದನ್ನು ಇಳಿಸುವ ಮೊದಲೇ ನೀವು...

ಹತ್ತನೇ ದಿನ ಹಳ್ಳದ ದಂಡೆಗೆ ನಿಮಗಾಗಿ ಎಡೆ ಇಟ್ಟೆವು. ಜೋಳದ ಭಕ್ರಿ, ಬದನೆಕಾಯಿ ಪಲ್ಯ. ಮರದ ತುಂಬ ಕಾಗೆ, ಒಂದೂ ಕದಲಲಿಲ್ಲ. ಸತ್ತವರ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ, ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಹೇಳಬೇಕು. ಪ್ರಕಾಶ ಕೈಮುಗಿದ. "ಅಪ್ಪಾ, ಅವ್ವನ್ನ ಛಲೋ ನೋಡ್ಕೋತೀನಿ." ಇಲ್ಲ. "ತಂಗಿ ಲಗ್ನಾ ಗಡದ್ದ ಮಾಡ್ತೀನಿ." ಊಹೂಂ.

"ಕಾಗಿಗೆ ಹಸಿವಿಲ್ಲಂದ್ರ ನಮಗ ಐತ್ರಿ," ಎಂದು ಅಥಣಿಯ ಬೀಗರು ಗೊಣಗಿದರು. ಭಟ್ಟರು ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿಬಿಡಲು ಹೊರಟರು. ಕಾಕಿ ತಡೆದರು. "ಹುಲ್ಲಿನ ಕಾಗಿ ಬ್ಯಾಡ್ರಿ. ಪ್ರಕಾಶಾ, ಗಾರ್ಡನ್ ಮಾತ ಹೇಳಪಾ."

ಪ್ರಕಾಶ ನನ್ನ ಮುಖ ನೋಡಿದ. ನಾನು ಗಂಟಲು ಸರಿಮಾಡಿಕೊಂಡು, "ಕಾಕಾ, ನಾವು ಗಾರ್ಡನ್ ಬಿಡೂದಿಲ್ರಿ," ಎಂದೆ. ಒಂದು ಕಾಗೆ ಇಳಿದು ಬಂತು, ನನ್ನನ್ನು ಮೇಲಿಂದ ಕೆಳಗೆ ನೋಡಿತು, ಬೆನ್ನು ತಿರುಗಿಸಿತು. ನನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ಲವೇ ನಿಮಗೆ? ಅದು ಪ್ರಕಾಶನ ಎದುರು ಹೋಗಿ ನಿಂತಿತು. ಸುಮ್ಮನೆ ನಿಂತೇ ಇತ್ತು. ಕಡೆಗೆ ಪ್ರಕಾಶನೇ ಬಾಯಿಬಿಟ್ಟ.

"ಆತಪಾ... ಕೈ ಎತ್ತೂದಿಲ್ಲ."

ಕಾಗೆ ಭಕ್ರಿ ಮುರಿಯಿತು. ಬೀಗರೂ ಸ್ವಲ್ಪ ಹೊತ್ತು ಹಸಿವು ಮರೆತರು.

ಆದರೆ ಹಳ್ಳದ ದಂಡೆಯ ಮಾತು ಊರೊಳಗೆ ಬರುವಷ್ಟರಲ್ಲಿ ಸವೆದಿರುತ್ತದೆ, ಗೊತ್ತಲ್ಲ? ಪುರಸಭೆಯ ಮೀಟಿಂಗಿಗೆ ನಾವೆಲ್ಲ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆವು. ಕಟ್ಟಡ ಮಂಜೂರು ಮಾಡುವ ಠರಾವಿಗೆ ಕೈಗಳು ಏಳತೊಡಗಿದವು. ಪ್ರಕಾಶನದೂ ಭುಜದವರೆಗೆ ಬಂತು. ಆಗ ಪರದೆ ಎಳೆದಿದ್ದ ಕಿಟಕಿಯ ಗಾಜಿನ ಮೇಲೆ ಟಕ್, ಟಕ್.

ಯಾರೂ ತಿರುಗಿ ನೋಡಲಿಲ್ಲ. ಪ್ರಕಾಶನ ಕೈ ಮೆಲ್ಲಗೆ ತೊಡೆಯ ಮೇಲೆ ಇಳಿಯಿತು. ಒಂದೇ ಕೈ ಕಡಿಮೆಯಾಗಿ ಠರಾವು ಬಿದ್ದುಹೋಯಿತು, ಕಾಕಾ. ಬೇವಿನ ಮರಗಳು ನಿಂತಿವೆ. ನಸುಕಿನಲ್ಲಿ ಅವಕ್ಕೆ ನೀರು ಹಾಕುವವನು ಈಗ ಪ್ರಕಾಶ. ನಾನು ಬೆಂಚಿನ ಮೇಲೆ ಕುಳಿತರೂ ಕಣ್ಣು ಮುಚ್ಚುವುದಿಲ್ಲ.

ಆ ಠರಾವನ್ನು ಮತ್ತೆ ತರುತ್ತಾರಂತೆ. ತರಲಿ, ನಾವು ಬರುತ್ತೇವೆ. ನೀವು? ಮೊನ್ನೆ ಪುರಸಭೆಗೆ ಹೋಗಿ ಆ ಪರದೆ ಸರಿಸಿ ನೋಡಿದೆ. ಎರಡನೇ ಮಹಡಿ. ಹತ್ತಿರ ಒಂದು ಟೊಂಗೆಯಿಲ್ಲ. ಹೊರಗೆ ಕಾಗೆ ಕೂರುವಷ್ಟು ಅಂಚೂ ಇಲ್ಲ.

ಪ್ರಕಾಶನಿಗೆ ಇದನ್ನು ಹೇಳಿಲ್ಲ. ಪರದೆ ಮೊದಲಿನಂತೆಯೇ ಎಳೆದು ಬಂದಿದ್ದೇನೆ.